ಸೋಸಿದ ನೀರಿನ ಡಬ್ಬಿ

ಬಸ್ಸು ಬರುವ ಹೊತ್ತು ಮೀರಿತ್ತು. ಹೊಂಗೆಮರದ ನೆರಳಿನಲ್ಲಿ ನಿಂತಿದ್ದ ರಾಜೀಮತಿಗೆ ಎಲ್ಲರೂ ತನ್ನ ಕೈಯಲ್ಲಿರುವ ಡಬ್ಬಿಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ ಅನ್ನಿ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ, ಆ ಚೈತ್ರದ ಬಿಸಿಲಿನಲ್ಲಿ, ಯಾರಿಗೆ ಯಾರ ಡಬ್ಬಿ ಬೇಕಿತ್ತು? ಕಡಲೇಕಾಯಿ ಮಾರುವವಳು ಸೆರಗು ಮುಖಕ್ಕೆಳೆದುಕೊಂಡು ತೂಕಡಿಸುತ್ತಿದ್ದಳು. ಬಾಗೂರಿನ ಕಡೆಯ ದನದ ವ್ಯಾಪಾರಿಯೊಬ್ಬ ಪಂಚೆ ಮೇಲಕ್ಕೆ ಕಟ್ಟಿ ಬೀಡಿ ಹಚ್ಚಲು ಗಾಳಿಗೆ ಬೆನ್ನು ತಿರುಗಿಸಿ ಒದ್ದಾಡುತ್ತಿದ್ದ. ಆದರೂ ಅವಳಿಗೆ ನಾಚಿಕೆ. ಗಂಡ ಜಿನದಾಸ ಬೆಳಿಗ್ಗೆಯೇ ಯಾವುದೋ ಮದುವೆಮನೆಗೆ ಹಿತ್ತಾಳೆ ಪಾತ್ರೆ ಮುಟ್ಟಿಸಲು ಹೊಳೆನರಸೀಪುರಕ್ಕೆ ಹೋಗಿದ್ದ. ಹೋಗುವಾಗ, ‘ನೀನು ಬಿಸಿಲಿಗೆ ಹೋಗಬೇಡ ರಾಜಿ, ಕಂಡಕ್ಟರ್ ಪಾಲಾಕ್ಷ ಔಷಧಿ ಮನೆಗೇ ತಂದುಕೊಡ್ತಾನೆ’ ಎಂದು ಎರಡೆರಡು ಸಲ ಹೇಳಿದ್ದ. ಎರಡನೆಯ ಸಲ ಯಾಕೆ ಹೇಳಿದ ಎಂದು ಆಗ ಅವಳು ಯೋಚಿಸಲಿಲ್ಲ. ಸೀಸೆಯಲ್ಲಿದ್ದ ಅವಳ ಸಕ್ಕರೆ ಕಾಯಿಲೆಯ ಕೊನೆಯ ಔಷಧಿ ಬೆಳಗಿನ ಇಂಜಕ್ಷನ್ನಿಗೆ ಮುಗಿದಿತ್ತು. ಸಂಜೆಯದಕ್ಕೆ ಹೊಸ ಸೀಸೆಯೇ ಬರಬೇಕು. ಕಂಡಕ್ಟರು ಮರೆತು ಮುಂದೆ ಹೋಗಿಬಿಟ್ಟರೆ ಎಂಬ ಭಯಕ್ಕೆ ಅವಳು ತಾನೇ ಹೊರಟುಬಂದಿದ್ದಳು.

ಕೈಯಲ್ಲಿದ್ದದ್ದು ಹೋದ ಸಲದ ಡಬ್ಬಿ. ಒಳಗಿನ ಐಸು ಪೂರ್ತಿ ಕರಗಿ, ಅವಳು ಕಾಲು ಬದಲಿಸಿದಾಗೆಲ್ಲ ಗುಳುಗುಳು ಅನ್ನುತ್ತಿತ್ತು. ಅಂಥವು ಎರಡು ಡಬ್ಬಿ. ಒಂದು ಹಾಸನದ ಐಸ್ ಫ್ಯಾಕ್ಟರಿಯಿಂದ ಗಟ್ಟಿಯಾಗಿ ಬರುತ್ತದೆ, ಇನ್ನೊಂದು ಕರಗಿ ವಾಪಸ್ಸು ಹೋಗುತ್ತದೆ. ನಾಲ್ಕೂ ಕಡೆ ಬೆಸೆದ ಚಪ್ಪಟೆ ತಗಡಿನ ಡಬ್ಬಿ, ಒಳಗಿರುವ ನೀರು ಹೊರಗಿನ ಗಾಳಿಯನ್ನು ಕಂಡಿಲ್ಲ. ಮೊದಮೊದಲು ಜಿನದಾಸ ಔಷಧಿ ತಣ್ಣಗಿರಲೆಂದು ಎಲ್ಲರ ಹಾಗೆ ಬರೀ ಐಸನ್ನೇ ಭತ್ತದ ಹೊಟ್ಟಿನಲ್ಲಿ ಸುತ್ತಿ ತರಿಸಿದ್ದ. ಅದನ್ನು ನೋಡಿ ಅವಳು ಜಗಲಿಯಲ್ಲೇ ಅಡ್ಡ ನಿಂತಿದ್ದಳು. ಸೋಸದ ನೀರು, ಯಾವ ಕೆರೆಯದೋ ಯಾವ ಬಾವಿಯದೋ, ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವ, ಅಷ್ಟನ್ನೂ ಹೆಪ್ಪುಗಟ್ಟಿಸಿ ಕೊಂದು ತಂದು ನನ್ನ ಔಷಧಿಗೆ ಕಾವಲಿಡುತ್ತೀರಾ ಎಂದು ಅತ್ತುಬಿಟ್ಟಿದ್ದಳು. ಅವನು ಮಾರನೆಯ ದಿನ ಮನೆಯ ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿದ. ಬಟ್ಟೆಯನ್ನು ಮಗುಚಿ ಬಾವಿಯೊಳಕ್ಕೇ ಜಾಲಿಸಿದ, ಸಿಕ್ಕಿಬಿದ್ದ ಜೀವ ತನ್ನ ನೀರಿಗೆ ತಾನು ಹೋಗಲಿ ಅಂತ. ಆಮೇಲೆ ನೀರನ್ನು ಕಾಯಿಸಿ, ಆರಿಸಿ, ಡಬ್ಬಿಗೆ ತುಂಬಿಸಿ ಬೆಸುಗೆ ಹಾಕಿಸಿದ. ಮೊದಲನೆಯದು ಫ್ಯಾಕ್ಟರಿಯಲ್ಲಿ ಗಟ್ಟಿಯಾಗುತ್ತ ಉಬ್ಬಿ ಬಿರಿದೇಹೋಯಿತು. ನೀರು ಗಟ್ಟಿಯಾದರೆ ಜಾಸ್ತಿ ಜಾಗ ಕೇಳುತ್ತದೆ ಎಂದು ಆಗಲೇ ಅವನಿಗೆ ತಿಳಿದದ್ದು. ಎರಡನೆಯ ಸಲ ಸ್ವಲ್ಪ ಖಾಲಿ ಬಿಟ್ಟು ಬೆಸೆಸಿದ. ಸೀಸೆ ಡಬ್ಬಿಗೆ ತಗಲಿದರೆ ಔಷಧಿಯೇ ಹೆಪ್ಪುಗಟ್ಟಿ ಕೆಡುತ್ತದೆಂದು ನಡುವೆ ಒಂದು ಮರದ ಹಲಗೆ, ಒಂದು ಪದರ ಹಳೇ ಪಂಚೆ. ಅದೇ ನೀರು, ಗಟ್ಟಿಯಾಗಿ ಕರಗಿ ಗಟ್ಟಿಯಾಗಿ ಕರಗಿ, ಎಷ್ಟೋ ಕಾಲದಿಂದ ಅವಳನ್ನು ಬದುಕಿಸಿಕೊಂಡು ಓಡಾಡುತ್ತಿತ್ತು. ಬಸದಿಯಲ್ಲಿ ಹೆಂಗಸರು ಇದನ್ನು ಹೇಳಿ ಹೇಳಿ ಹೊಟ್ಟೆಕಿಚ್ಚುಪಟ್ಟಿದ್ದರು. ಗಂಡ ಅಂದರೆ ಹಂಗಿರಬೇಕು ಕಣ್ರೇ, ಹೆಂಡತಿಯ ನೇಮಕ್ಕೆ ಐಸನ್ನೂ ಮಡಿ ಮಾಡಿದ! ಒಮ್ಮೆ ಅವಳು ಅವನನ್ನು ಕೇಳಿದ್ದಳು, ಈ ಔಷಧಿ ಯಾಕೆ ತಣ್ಣಗೇ ಇರಬೇಕು ಅಂತ. ‘ವಿಲಾಯಿತಿಯಲ್ಲಿ ಸಿಗೋ ಯಾವುದೋ ಎಲೆಯ ರಸ ಕಣೇ. ಮಲ್ಲಿಗೆ ಹೂ ಇಲ್ಲವಾ, ಬಿಸಿ ತಗಲಿದರೆ ಬಾಡಲ್ಲವಾ? ಹಾಗೆ’ ಎಂದಿದ್ದ. ಆ ಮಾತು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಸೀಸೆಯನ್ನು ಒದ್ದೆ ಮರಳಿನ ಮಡಕೆಯೊಳಗೆ ಇಡುವಾಗ ಒಂದು ಸಲ ಮೂಸಿಯೂ ನೋಡಿದ್ದಳು.

ಬಸ್ಸು ಬಂತು. ಶಾಂತಿಗ್ರಾಮದ ಹತ್ತಿರ ಟೈರು ಪಂಚರ್ರಂತೆ, ಇಳಿಯುವವರೆಲ್ಲ ಡ್ರೈವರನ ವಂಶವನ್ನು ಹರಸುತ್ತ ಇಳಿದರು. ಕಂಡಕ್ಟರ್ ಪಾಲಾಕ್ಷ ತನ್ನ ಸೀಟಿನ ಕೆಳಗಿನಿಂದ ಬಿಸ್ಕತ್ತಿನ ದೊಡ್ಡ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ. ಡಬ್ಬದ ಸಂದಿನಿಂದ ಹೊಟ್ಟು ಉದುರುತ್ತಿತ್ತು. ರಾಜೀಮತಿ ಬಸ್ಸಿನ ಹಿಂಬದಿಗೆ ಸರಿದು, ಜನ ಕರಗಲಿ ಎಂದು ನಿಂತಳು. ಬೀಡಿಯ ದನದ ವ್ಯಾಪಾರಿ ಡಬ್ಬಕ್ಕೆ ಮೂಗು ಚಾಚಿದ.

‘ಏನ್ಲಾ ಅದು ಪಾಲಾಕ್ಷ, ಐಸು ಮಡಗಿದ್ದೀಯ? ಮೀನಾ?’

‘ಥೂ, ಬಿಡ್ತು ಅನ್ನು. ಜೈನರ ಮನೇದು ಕಣಣ್ಣೋ. ಸಕ್ಕರೆ ಕಾಯ್ಲೆ ಔಷ್ದಿ.’

‘ಔಷ್ದಿಗ್ಯಾಕ್ಲಾ ಐಸು?’

‘ಅದು ಗಿಡಮೂಲಿಕೆ ಅಲ್ಲ ಕಣ. ದನದ ಒಟ್ಟೆ ಒಳಗೆ ಅದೇನೋ ಗೆಡ್ಡೆ ಇರ್ತದಂತೆ, ದನ ಕಡದಾಗ ಅದುನ್ನ ಕಿತ್ತು, ಅರ್ದು, ರಸ ತೆಗೀತಾರಂತೆ. ಅಂದಿ ಕಡುದ್ರೂ ಆಯ್ತದಂತೆ. ಮಾಂಸ ಇದ್ದಂಗೇ ಅಂದ್ಕೊ. ಬಿಸ್ಲು ತಗುಲುದ್ರೆ ಕೆಟ್ಟೋಯ್ತದೆ. ಅದ್ಕೇ ಐಸು.’

‘ಎಲಾ ಇವ್ನ! ಜೈನರು ಚುಚ್ಚಿಸ್ಕತಾರಾ ಅದ್ನ?’ ಎಂದು ಆತ ನಕ್ಕ. ಕೆಟ್ಟ ನಗೆಯೇನಲ್ಲ, ಬೆರಗಿನದು. ಅಷ್ಟಕ್ಕೇ ರಾಜೀಮತಿಯ ಕಿವಿಯೊಳಗೆ ಬಿಸಿ ಎಣ್ಣೆ ಬಿಟ್ಟ ಹಾಗಾಯಿತು. ಕೇಳಿಸಿದ್ದು ತನ್ನ ವಿಷಯವಲ್ಲ, ಬೇರೆ ಯಾರದೋ ಡಬ್ಬ, ಬೇರೆ ಯಾರೋ ಜೈನರು ಎಂದು ಮನಸ್ಸು ಒಂದು ಗಳಿಗೆ ಓಡಿತು. ಊರಿನಲ್ಲಿ ಇನ್ನಾರಿಗಿತ್ತು ಅಂಥ ಡಬ್ಬ? ಅವಳು ಮುಂದೆ ಬಂದು, ‘ನಾನು ಜಿನದಾಸಯ್ಯನವರ ಮನೆಯವಳು’ ಎಂದಳು. ಪಾಲಾಕ್ಷನ ಬಾಯಿ ಹಾಗೇ ತೆರೆದುಕೊಂಡಿತು.

‘ಅಮ್ಮಾವ್ರೇ... ನೀವ್ಯಾಕೆ ಬರಾಕೋದ್ರಿ, ನಾನೇ ತಂದ್ಕೊಡ್ತಿದ್ನಲ್ಲ. ತಗಳಿ, ಇನ್ನೂ ಗಟ್ಟಿಗೈತೆ, ಮುಟ್ಟಿ ನೋಡಿ ಬೇಕಾದ್ರೆ.’

‘ಅದು ದನದ್ದು ಅಂತ ನಿನಗೆ ಯಾರಪ್ಪ ಹೇಳಿದ್ದು?’

‘ಯಜಮಾನ್ರೇ ಯೋಳಿದ್ರು. ಸುರೂನಲ್ಲಿ ನಾನು ಒಂದ್ಸಲ ಟಾಪ್ ಮೇಲೆ ಆಕ್ಬುಟ್ಟಿದ್ದೆ, ಆಗ. “ಮಾಂಸ ತತ್ತಾ ಇದೀನಿ ಅಂತ ತಿಳ್ಕೊ ಪಾಲಾಕ್ಷ, ಬಿಸ್ಲಿಗೆ ಇಕ್ಬೇಡ” ಅಂದಿದ್ರು. ಅವತ್ತಿಂದ ನನ್ನ ಸೀಟಿನ ಕೆಳಗೇ ಮಡೀಕ್ಕತೀನಿ.’ ಅವಳ ಮುಖ ನೋಡಿ ಅವನ ದನಿ ಇಳಿಯಿತು. ‘ತಮ್ಗೆ ಗೊತ್ತಿರ್ಲಿಲ್ವಾ ಅಮ್ಮಾವ್ರೇ?’

‘ಗೊತ್ತು,’ ಎಂದಳು ರಾಜೀಮತಿ. ‘ಗೊತ್ತಿಲ್ಲದೆ ಏನು.’ ಕರಗಿದ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಗಟ್ಟಿಯಾದದ್ದಿದ್ದ ಡಬ್ಬವನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟಳು.

ಬಿಸಿಲು ನೆತ್ತಿಯ ಮೇಲೆ, ಸೊಂಟದ ಒಂದು ಪಕ್ಕಕ್ಕೆ ಮಾತ್ರ ತಂಪು. ಆ ತಂಪು ಸೀರೆಯ ಮೂಲಕ ಇಳಿದು ಮೈಗೆ ಹತ್ತುತ್ತಿತ್ತು. ಬಿಸಾಕಿಬಿಡಲೇ ಎಂದು ಎರಡು ಸಲ ಚರಂಡಿಯ ಕಡೆ ನೋಡಿದಳು, ಎರಡು ಸಲವೂ ಕೈ ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಗಂಡ ಕಂಡಕ್ಟರನಿಗೆ ಸತ್ಯ ಹೇಳಿದ್ದ. ಕಂಡಕ್ಟರನಿಗೆ ಯಾಕೆ ಹೇಳಿದ? ಸೀಸೆ ಕೆಡಬಾರದಲ್ಲ, ಅದಕ್ಕೆ. ಸೀಸೆಯ ಮೇಲಿದ್ದ ಮರ್ಯಾದೆ ಹೆಂಡತಿಯ ಮೇಲಿರಲಿಲ್ಲ. ಮಲ್ಲಿಗೆಯಂತೆ, ಎಲೆಯ ರಸವಂತೆ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಅದಾದರೂ ತನ್ನ ಕಣ್ಣನ್ನು ತಾನೇ ಮುಚ್ಚಿಕೊಳ್ಳುತ್ತದೆ, ನನ್ನ ಕಣ್ಣನ್ನು ಇನ್ನೊಬ್ಬರು ಮುಚ್ಚಿ ಕುಡಿಸಿದರಲ್ಲ. ಬಾವಿಯ ಹತ್ತಿರ ಬಗ್ಗಿ ಬಟ್ಟೆ ಜಾಲಿಸುತ್ತಿದ್ದ ಅವನ ಬೆನ್ನು ನೆನಪಾಯಿತು. ಅಷ್ಟು ನಿಧಾನವಾಗಿ, ಅಷ್ಟು ಭಕ್ತಿಯಿಂದ. ಕಣ್ಣಿಗೆ ಕಾಣದ ಹುಳಕ್ಕೆ ಅಷ್ಟು ಉಪಚಾರ ಮಾಡಿದ ಆ ಕೈ ಸಂಜೆ ಆ ದನದ ರಸವನ್ನು ಸಿರಿಂಜಿಗೆ ಎಳೆದು, ಗಾಳಿಗುಳ್ಳೆ ಹೋಗಲಿ ಅಂತ ಬೆರಳಲ್ಲಿ ತಟ್ಟಿ, ‘ಉಸಿರು ಬಿಡು ರಾಜಿ’ ಅನ್ನುತ್ತಿತ್ತು. ಎರಡೂ ಒಂದೇ ಕೈಯೇ? ಆಗ ಮನಸ್ಸಿನಲ್ಲೇ ನಗುತ್ತಿದ್ದನೇ? ಇಲ್ಲ, ನಗುವವನಲ್ಲ. ನಕ್ಕಿದ್ದರೆ ವಾಸಿಯಿತ್ತು, ದ್ವೇಷಿಸಲು ಸುಲಭವಾಗುತ್ತಿತ್ತು.

ಬಸದಿಯ ಬೀದಿಗೆ ತಿರುಗಿದಾಗ ಚಕ್ರೇಶ್ವರಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ರಾಜೀಮತಿಗೆ ದೂರದ ದಾಯಾದಿ, ಗಂಡ ತೀರಿಕೊಂಡವಳು. ಮಗಳ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿವೆ. ಆ ಮಗು ನಡೆಯಲು ಕಲಿಯುವ ಹೊತ್ತಿಗೆ ಯಾರೋ ಡಾಕ್ಟರು ಮೀನೆಣ್ಣೆ ಕೊಡಿ ಎಂದಿದ್ದರು. ಚಕ್ರೇಶ್ವರಿ ಗುಟ್ಟಾಗಿ ಕೊಟ್ಟಿದ್ದಳು. ಅದು ಗೊತ್ತಾಗಿ, ಒಂದು ಅಷ್ಟಮಿಯ ದಿನ, ಪೂಜೆ ಮುಗಿದು ಎಲ್ಲರೂ ಗಂಧ ಹಚ್ಚಿಕೊಳ್ಳುತ್ತ ನಿಂತಿರುವಾಗ ರಾಜೀಮತಿ ಎಲ್ಲರೆದುರಿಗೇ ಅಂದಿದ್ದಳು: ‘ಮೀನಿನ ಪ್ರಾಣ ತಿಂದು ನೆಟ್ಟಗಾಗೋ ಕಾಲು ಯಾಕಮ್ಮ ಬೇಕು? ನನಗೂ ಕಾಯಿಲೆ ಇದೆ, ನಾನು ನೇಮ ಬಿಟ್ಟಿದೀನಾ?’ ಚಕ್ರೇಶ್ವರಿ ತಲೆ ತಗ್ಗಿಸಿಕೊಂಡು ಮಗುವನ್ನೆತ್ತಿಕೊಂಡು ಹೋದಳು. ಅವತ್ತೇ ಎಣ್ಣೆ ನಿಲ್ಲಿಸಿದಳಂತೆ. ಕಾಲು ಹಾಗೇ ಉಳಿದವು. ಆ ದಿನ ಜಿನದಾಸ ಅಲ್ಲೇ, ಕಂಬದ ಪಕ್ಕ, ನಿಂತಿದ್ದ. ಮನೆಗೆ ಬಂದ ಮೇಲೆ, ‘ಅಷ್ಟು ಬಿರುಸಾಗಿ ಅನ್ನಬಾರದಿತ್ತು’ ಎಂದು ಮಾತ್ರ ಹೇಳಿ ಸೂಜಿ ಕುದಿಸಲು ಇಟ್ಟಿದ್ದ. ಸೂಜಿ ಕುದಿಸಲು! ರಾಜೀಮತಿ ರಸ್ತೆಯಲ್ಲೇ ನಿಂತುಬಿಟ್ಟಳು.

‘ಡಬ್ಬಿ ಬಂತಾ ಅಕ್ಕ?’ ಎಂದಳು ಚಕ್ರೇಶ್ವರಿ ಮೊರದಿಂದ ಕಣ್ಣೆತ್ತದೆ. ‘ಬಿಸಿಲಲ್ಲಿ ನೀವೇ ಹೋಗಿದ್ರಾ? ನೀರು ಕೊಡಲಾ?’

ಇವಳಿಗೂ ಗೊತ್ತಿರಬಹುದು. ಗೊತ್ತಿದ್ದೂ ಒಂದು ದಿನವೂ ಬಾಯಿ ಬಿಡಲಿಲ್ಲವೇ, ಅಥವಾ ಗೊತ್ತಿಲ್ಲದೆಯೇ ನೀರು ಕೊಡಲಾ ಅನ್ನುತ್ತಿದ್ದಾಳೆಯೇ? ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ತಿಳಿಯಲಿಲ್ಲ. ಒಳಗಿನಿಂದ ಆ ಹುಡುಗಿಯ ಹೆಜ್ಜೆಯ ಸದ್ದು ಕೇಳಿಸಿತು, ಒಂದು ಜೋರು, ಒಂದು ಮೆಲ್ಲಗೆ. ‘ಬೇಡ ಕಣೆ,’ ಎಂದು ಹೇಳಿ ಓಡುವ ಹಾಗೆ ನಡೆದಳು.

ಮನೆಯಲ್ಲಿ ಅತ್ತೆ ಚಂದ್ರಪ್ರಭಮ್ಮ ನಡುಮನೆಯಲ್ಲಿ ಜಪದ ಮಣಿ ಹಿಡಿದು ಕೂತಿದ್ದರು. ಈ ಸೊಸೆ ಹೊಸದಾಗಿ ಮನೆಗೆ ಬಂದಾಗ, ತವರಿನ ಅಭ್ಯಾಸದಿಂದ ನೇಮಕ್ಕಾಗದ ಒಂದು ಆಲೂಗೆಡ್ಡೆ ಹೆಚ್ಚಿದಳೆಂದು ಅಡುಗೆಮನೆಯನ್ನೆಲ್ಲ ತೊಳೆಸಿದ ಹೆಂಗಸು. ರಾಜೀಮತಿ ಡಬ್ಬವನ್ನು ಅವರ ಮುಂದೆ ಇಟ್ಟು, ನಿಂತುಕೊಂಡೇ ಕೇಳಿದಳು. ‘ಅತ್ತೆ, ಇದು ಯಾವುದರಿಂದ ಮಾಡಿದ್ದು ಅಂತ ನಿಮಗೆ ಗೊತ್ತಾ?’

ಚಂದ್ರಪ್ರಭಮ್ಮನವರ ಮಣಿ ಎಣಿಸುವ ಬೆರಳು ನಿಂತಿತು, ಅಷ್ಟೆ. ಆ ಬೆರಳನ್ನು ನೋಡಿಯೇ ರಾಜೀಮತಿಗೆ ತಿಳಿಯಿತು. ಅವಳು ಅಲ್ಲೇ ಕೂತುಬಿಟ್ಟಳು.

‘ನಾನೇ ಹೇಳಬೇಡ ಅಂದೆ ಕಣೇ ಅವನಿಗೆ,’ ಎಂದರು ಅತ್ತೆ. ‘ನೀನು ಆಗ ಹೇಗಿದ್ದೆ ಅಂತ ನಿನಗೆ ನೆನಪಿಲ್ಲ. ಕೊಡಗಟ್ಟಲೆ ನೀರು ಕುಡೀತಿದ್ದೆ, ಬತ್ತಿ ಕಡ್ಡಿಯಾಗಿದ್ದೆ. ಹೇಳಿದ್ದರೆ ನೀನು ಬೇಡ ಅಂತಿದ್ದೆ. ಸತ್ತು ಹೋಗ್ತಿದ್ದೆ. ನನ್ನ ಮಗ ನಿನ್ನ ಹೆಣದ ಪಕ್ಕ ಕೂತಿರೋದನ್ನ ನಾನು ನೋಡಬೇಕಿತ್ತಾ? ಪಾಪ ಬಂದರೆ ನನಗೆ ಬರಲಿ ಅಂದ್ಕೊಂಡೆ. ಅವತ್ತಿಂದ ತುಪ್ಪ ಮುಟ್ಟಿಲ್ಲ ನಾನು.’

‘ತುಪ್ಪ!’ ಎಂದಳು ರಾಜೀಮತಿ. ತನ್ನ ಬಾಯಿಂದ ಅಷ್ಟು ಒರಟಾದ ದನಿ ಬಂದದ್ದು ಅವಳಿಗೇ ಹೊಸದು. ‘ನೀವು ತುಪ್ಪ ಬಿಟ್ಟಿದ್ದು ನನ್ನ ಮೈಯೊಳಗಿನ ದನಕ್ಕೆ ಸಾಟಿಯಾಯ್ತಾ ಅತ್ತೆ?’

ಚಂದ್ರಪ್ರಭಮ್ಮ ಮತ್ತೆ ಮಣಿ ಎಣಿಸತೊಡಗಿದರು. ರಾಜೀಮತಿ ಡಬ್ಬವನ್ನು ಬಿಚ್ಚಿದಳು. ಹೊಟ್ಟಿನೊಳಗೆ ಕೈ ಹಾಕಿದರೆ ಬೆರಳು ಜೋಮು ಹಿಡಿಯುವಷ್ಟು ತಣ್ಣಗಿತ್ತು. ಪುಟ್ಟ ಸೀಸೆ. ನೀರಿನ ಹಾಗೆ ತಿಳಿ, ಒಂದು ಕಸವಿಲ್ಲ. ಇದರಲ್ಲಿ ಎಲ್ಲಿದೆ ದನ? ಮೊದಲು ಮೂಸಿ ಮಲ್ಲಿಗೆಯನ್ನು ಹುಡುಕಿದ ಹಾಗೆ ಈಗ ರಕ್ತವನ್ನು ಹುಡುಕಿದಳು. ಯಾವ ವಾಸನೆಯೂ ಇರಲಿಲ್ಲ. ಕೋಣೆಗೆ ಹೋಗಿ ಮಲಗಿದಳು. ಸಂಜೆಯ ಸೂಜಿ ಬೇಡ ಅಂದರಾಯಿತು. ನಾಳೆಯದೂ ಬೇಡ. ನಾಲಗೆ ಮತ್ತೆ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಆಮೇಲೆ ನಿದ್ದೆಯಂಥ ಒಂದು ಮಂಪರು ಎಂದು ಹಾಸನದ ಡಾಕ್ಟರು ಹಿಂದೆ ಹೆದರಿಸಿದ್ದರು. ಬಸದಿಯ ಹೆಂಗಸರು ಬಂದು ಸುತ್ತ ಕೂತು ಮಂತ್ರ ಹೇಳುತ್ತಾರೆ. ರಾಜೀಮತಿ ದೇಹಕ್ಕಿಂತ ವ್ರತ ದೊಡ್ಡದು ಅಂದಳು, ಪುಣ್ಯವಂತೆ ಅನ್ನುತ್ತಾರೆ. ಆ ಮಾತುಗಳನ್ನು ಕೇಳಿಸಿಕೊಳ್ಳಲು ತಾನು ಇರುವುದಿಲ್ಲ ಎಂದು ಹೊಳೆದಾಗ ಮಗ್ಗುಲು ಬದಲಿಸಿದಳು. ಇಲ್ಲ. ಸಾಯಲು ಅವಳಿಗೆ ಇಷ್ಟವಿರಲಿಲ್ಲ. ಎಷ್ಟು ತಿರುಗಿಸಿ ಕೇಳಿಕೊಂಡರೂ ಒಳಗಿನಿಂದ ಅದೇ ಉತ್ತರ ಬಂತು, ನಾಚಿಕೆಗೆಟ್ಟ ಉತ್ತರ. ದನ ಸತ್ತರೂ ಸರಿ, ಹಂದಿ ಸತ್ತರೂ ಸರಿ, ನಾಳೆ ಬೆಳಿಗ್ಗೆ ಎದ್ದು ಹಿತ್ತಲಿನಲ್ಲಿ ಹಲ್ಲುಜ್ಜುತ್ತ ನಿಲ್ಲಬೇಕು. ಅಂದರೆ ಅವರು ಕೇಳಿದ್ದರೂ ತಾನು ಇದನ್ನೇ ಹೇಳುತ್ತಿದ್ದಳು. ಅತ್ತು ಕರೆದು, ಒಂದೆರಡು ದಿನ ಉಪವಾಸ ಬಿದ್ದು, ಕೊನೆಗೆ ತೋಳು ಚಾಚುತ್ತಿದ್ದಳು. ಅವಳಿಂದ ಅವರು ಕದ್ದದ್ದು ಆ ತೋಳು ಚಾಚುವುದನ್ನು. ನೇಮದವಳು, ನೇಮದವಳು ಎಂದು ಹೇಳಿ ಕೂರಿಸಿ, ಒಬ್ಬ ಮನುಷ್ಯಳಾಗುವುದಕ್ಕೂ ಬಿಡಲಿಲ್ಲ. ಆಗ ಅಳು ಬಂತು, ದಿಂಬು ನೆನೆಯುವಷ್ಟು.

ಜಿನದಾಸ ಬಂದಾಗ ಬಿಸಿಲು ಹಿತ್ತಲಿನ ಗೋಡೆಯ ತುದಿಗೆ ಏರಿತ್ತು. ಅವನ ಬಸ್ಸೂ ತಡವೇ. ಚಪ್ಪಲಿ ಬಿಡುತ್ತಲೇ, ‘ಹೊತ್ತಾಗಿಹೋಯ್ತು, ಸೂಜಿ ಕುದಿಯೋಕೆ ಇಟ್ಟಿದೀಯಾ?’ ಎಂದು ಕೂಗಿದ. ಅವನ ಆತುರಕ್ಕೆ ಕಾರಣವಿತ್ತು. ಸೂಜಿ ಹಾಕಿಸಿಕೊಂಡ ಮೇಲೆ ಅವಳು ಊಟ ಮಾಡಲೇಬೇಕು, ತಡವಾದರೆ ಮೈ ನಡುಗಿ, ಬೆವತು, ಎಚ್ಚರ ತಪ್ಪುತ್ತದೆ. ಆ ಊಟವೋ, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ದೀಪದ ಬೆಳಕಿನಲ್ಲಿ ಅವಳು ಹುಟ್ಟಿದಾಗಿನಿಂದ ಒಂದು ತುತ್ತು ಉಂಡವಳಲ್ಲ. ಇಷ್ಟು ದಿನ ಆ ಎರಡನ್ನೂ ಹೊಂದಿಸಿಕೊಂಡು ಬಂದವನು ಅವನೇ. ಒಳಗೆ ಬಂದು ನೋಡಿದರೆ ಸೂಜಿ ಕುದಿದು, ಬಿಳೀ ಬಟ್ಟೆಯ ಮೇಲೆ ಸಿದ್ಧವಾಗಿತ್ತು. ಪಕ್ಕದಲ್ಲಿ ಅವಳು.

‘ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ,’ ಎಂದಳು.

ಅವನ ಮುಖದ ಮೇಲೆ ಏನೋ ಹಾದುಹೋಯಿತು. ‘ಬಿಸಿಲಲ್ಲಿ ಯಾಕೆ...’

‘ದನದ್ದಾ, ಹಂದಿದಾ? ಅಷ್ಟಾದರೂ ಹೇಳಿ.’

‘ಯಾರು ಹೇಳಿದ್ದು? ಆ ಪಾಲಾಕ್ಷನಾ? ಅವನೊಬ್ಬ ಬಾಯಿಬಡುಕ, ಅವನ ಮಾತು ಕಟ್ಟಿಕೊಂಡು...’ ಅಷ್ಟರಲ್ಲಿ ಅವನ ಕಣ್ಣು ತಾಯಿಯ ಕಡೆ ಹೋಯಿತು. ಚಂದ್ರಪ್ರಭಮ್ಮ ಗೋಡೆ ನೋಡುತ್ತಿದ್ದರು. ಅವನ ದನಿ ಕುಗ್ಗಿತು. ‘ನೀನು ಬದುಕಿದೀಯಲ್ಲ ರಾಜಿ. ಅದು ಸುಳ್ಳಾ?’

‘ಅದು ಸುಳ್ಳಲ್ಲ. ಕೇಳಿದ್ದರೆ ನಾನು ಒಪ್ತಿದ್ದೆ ಕಣ್ರೀ. ಅದೇ ನನ್ನ ಹೊಟ್ಟೆ ಉರಿಸ್ತಿರೋದು. ಒಪ್ತಿದ್ದೆ. ಇಷ್ಟು ವರ್ಷ ಜೊತೆಗೆ ಬಾಳಿ ಅಷ್ಟೂ ಗೊತ್ತಾಗಲಿಲ್ಲವಾ ನಿಮಗೆ? ನೀರಿನ ಹುಳಕ್ಕೆ ನಾನು ಅಳೋದನ್ನ ನೋಡ್ತಾ ನಿಂತಿದ್ರಿ. ಚಕ್ರೇಶ್ವರಿಗೆ ನಾನು ಹಾಗೆ ಅಂದಾಗಲೂ ನಿಂತಿದ್ರಿ. ಆ ಮಗು ಕುಂಟೋದು ಕೇಳಿಸ್ತಿತ್ತಲ್ಲ ನಿಮಗೆ, ಆಗಲಾದರೂ ಬಾಯಿ ಬಿಡಬಾರದಿತ್ತಾ?’

ಅವನು ಅಭ್ಯಾಸಬಲದಿಂದ ಸಿರಿಂಜಿಗೆ ಕೈ ಚಾಚಿದ. ‘ಮುಟ್ಟಬೇಡಿ’ ಎಂದಳು. ಸೀಸೆಯ ರಬ್ಬರಿಗೆ ಸೂಜಿ ಚುಚ್ಚಿ ಅವಳೇ ಎಳೆದಳು. ಅವನು ಹೇಗೆ ಮಾಡುತ್ತಿದ್ದನೋ ಹಾಗೇ ಬೆರಳಲ್ಲಿ ತಟ್ಟಿದಳು. ತೋಳಿಗೆ ಎಟುಕಲಿಲ್ಲ, ಸೀರೆ ಸರಿಸಿ ತೊಡೆಗೆ ಚುಚ್ಚಿಕೊಂಡಳು. ಮೊದಲ ಸಲ ಓರೆಯಾಗಿ ಹೋಗಿ ರಕ್ತ ಬಂತು, ಕಿತ್ತು ಎರಡನೆಯ ಸಲ ಚುಚ್ಚಿದಳು. ಅವನು ಕೊಡುವಾಗ ಇಷ್ಟು ನೋಯುತ್ತಿರಲಿಲ್ಲ.

‘ಇದರ ಪಾಪ ಇನ್ನು ಮೇಲೆ ನಂದು,’ ಎಂದಳು. ‘ನೀವಿಬ್ಬರೂ ಹೊರಬೇಕಾಗಿಲ್ಲ. ಸುಳ್ಳಿನದು ನಿಮ್ಮದು. ಅದನ್ನ ನಾನು ಹಂಚಿಕೊಳ್ಳಲ್ಲ.’

ಬೀದಿಯಲ್ಲಿ ಯಾರದೋ ಎತ್ತಿನ ಗಾಡಿ ಹೋಯಿತು. ಆಮೇಲೆ ಚಂದ್ರಪ್ರಭಮ್ಮ ಥಟ್ಟನೆ ಹಿತ್ತಲ ಬಾಗಿಲ ಕಡೆ ನೋಡಿ, ಗಾಬರಿಯಿಂದ ಎದ್ದರು. ಗೋಡೆಯ ಮೇಲೆ ಬಿಸಿಲಿರಲಿಲ್ಲ. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಔಷಧಿ ಮೈಗೆ ಹೋಗಿಯಾಗಿತ್ತು. ಜಿನದಾಸ ಹಣೆಗೆ ಕೈ ಒತ್ತಿಕೊಂಡು ಗೋಡೆಗೆ ಒರಗಿದ. ಅತ್ತೆ ಅಡುಗೆಮನೆಗೆ ಓಡಿ, ಕಲಸಿಟ್ಟಿದ್ದ ಅನ್ನದ ತಟ್ಟೆಯನ್ನು ತಂದು ಸೊಸೆಯ ಮುಂದಿಟ್ಟರು.

‘ಇನ್ನೂ ಬೆಳಕಿದೆ ಕಣವ್ವ,’ ಎಂದರು. ‘ಮುಳುಗಿಲ್ಲ, ನೋಡು ಬೇಕಾದರೆ. ಬೇಗ ಉಂಡುಬಿಡು.’

ರಾಜೀಮತಿಯ ಬೆರಳ ತುದಿಯಲ್ಲಿ ಆಗಲೇ ಸಣ್ಣಗೆ ನಡುಕ ಶುರುವಾದ ಹಾಗಿತ್ತು. ತಟ್ಟೆಯಲ್ಲಿದ್ದದ್ದು ಏನೆಂದು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

‘ಇಲ್ಲ ಅತ್ತೆ, ಕತ್ತಲಾಗಿದೆ,’ ಎಂದಳು. ‘ದೀಪ ತನ್ನಿ. ನಾನು ಉಣ್ಣೋದು ನಿಮಗಿಬ್ಬರಿಗೂ ಕಾಣಲಿ.’